ಕೋರ್ಟ್ ಸಿಬ್ಬಂದಿಗೆ ಎರಡು ಶನಿವಾರದ ತರಬೇತಿ: ಏನು ಕಲಿಸೋದು, ಹೇಗೆ ಕಲಿಸೋದು?

ಪುಣೆ ದಫ್ತರ:

ಎಲ್ಲರಿಗೂ ನಮಸ್ಕಾರ. ಪುಣೆ ಜಿಲ್ಲೆಯ ಒಂದು ತಾಲೂಕು ಕೋರ್ಟಿನಲ್ಲಿ ಸಹಾಯಕ ಅಧೀಕ್ಷಕನ ಕೆಲಸ ನನ್ನದು. ಮೂರು ಕೋರ್ಟು, ಇಪ್ಪತ್ತರ ಆಸುಪಾಸು ಸಿಬ್ಬಂದಿ. ಬೆಂಚ್ ಕ್ಲರ್ಕುಗಳು, ಫೈಲಿಂಗ್ ಕೌಂಟರಿನವರು, ಮುದ್ದೇಮಾಲು (ಕೇಸಿನ ಜಪ್ತಿ ವಸ್ತು) ನೋಡುವವರು, ಹಣದ ಲೆಕ್ಕ ನೋಡುವ ನಾಜರ್, ಸಮನ್ಸು ತಲುಪಿಸುವ ಬೇಲಿಫ್‌ಗಳು, ಸ್ಟೆನೊಗಳು, ಸಿಪಾಯಿಗಳು ಎಲ್ಲಾ ಸೇರಿ. ಮುಂದಿನ ತಿಂಗಳು ಎರಡು ಕೆಲಸದ ಶನಿವಾರ, ತಲಾ ಮೂರು ಗಂಟೆ, ಕಚೇರಿಯಲ್ಲೇ ತರಬೇತಿ ಇಡಲು ನ್ಯಾಯಾಧೀಶ ಸಾಹೇಬರು ಒಪ್ಪಿದ್ದಾರೆ. ಉತ್ತನ್‌ನಲ್ಲಿರುವ ಮಹಾರಾಷ್ಟ್ರ ನ್ಯಾಯಿಕ ಅಕಾಡೆಮಿಗೆ ಎಲ್ಲರನ್ನೂ ಒಟ್ಟಿಗೆ ಕಳಿಸಿ ಕೌಂಟರ್ ಮುಚ್ಚಲು ಸಾಧ್ಯವಿಲ್ಲ, ಹಾಗಾಗಿ ಇಲ್ಲೇ ಮಾಡಬೇಕು.

ಸ್ಲೈಡ್ ಹಾಕಿ ಓದಿ ಹೇಳುವ ಕಾರ್ಯಕ್ರಮ ಬೇಡ. ಮೂರು ಕಡೆ ನಮಗೆ ನಿಜವಾಗಿಯೂ ತೊಂದರೆ ಇದೆ. ಹೊಸ ಕ್ರಿಮಿನಲ್ ಕಾನೂನುಗಳು (ಅಪರಾಧಕ್ಕೆ ಐಪಿಸಿ ಬದಲು ಬಿಎನ್‌ಎಸ್, ಕಾರ್ಯವಿಧಾನಕ್ಕೆ ಸಿಆರ್‌ಪಿಸಿ ಬದಲು ಬಿಎನ್‌ಎಸ್‌ಎಸ್, ಹಳೇ ಸಾಕ್ಷ್ಯ ಕಾಯ್ದೆ ಬದಲು ಬಿಎಸ್‌ಎ) ಬಂದಮೇಲೆ ಕೇಸು ನೋಂದಾಯಿಸುವ ಸಿಐಎಸ್ ತಂತ್ರಾಂಶದಲ್ಲಿ ಕಲಂ ತಪ್ಪು ಬೀಳುತ್ತಿದೆ. ಪೆನ್‌ಡ್ರೈವ್, ಸಿಡಿ ಬಂದರೆ ಕೌಂಟರಿನಲ್ಲಿ ಏನು ನೋಡಬೇಕೆಂದು ಗೊಂದಲ. ಬೇಲಿಫ್ ವರದಿಗಳು ಅರ್ಧಂಬರ್ಧ ಬರುತ್ತವೆ. ಆರು ಗಂಟೆಯಲ್ಲಿ ಇವಿಷ್ಟನ್ನು ಹೇಗೆ ಕೂರಿಸಬಹುದು? ನ್ಯಾಯಾಧೀಶರು ಜೊತೆಗೆ ಕೂರಬೇಕೋ ಬೇಡವೋ? ತಿಳಿದವರು ದಯವಿಟ್ಟು ಹೇಳಿ.

ಮಾಟುಂಗಾ ಶಿರಸ್ತೇದಾರ್:

ಮೊದಲ ಒಂದು ಗಂಟೆಯನ್ನು ತಾರೀಕಿಗೆ ಇಡಿ, ಕಲಂ ನಂಬರಿಗೆ ಬೇಡ. ಹಳೇ ಕಲಂಗೆ ಹೊಸ ಕಲಂ ಯಾವುದು ಅನ್ನುವ ಕೋಷ್ಟಕ ಎಲ್ಲರ ಮೊಬೈಲಿನಲ್ಲೂ ಇದೆ. ಆದರೂ ತಪ್ಪು ನಿಲ್ಲುವುದಿಲ್ಲ, ಯಾಕೆಂದರೆ ಕೈಯಲ್ಲಿರುವ ಫೈಲಿಗೆ ಯಾವ ಕಾನೂನು ಹತ್ತುತ್ತದೆ ಅನ್ನುವುದನ್ನು ಕೋಷ್ಟಕ ಹೇಳುವುದಿಲ್ಲ.

ಫೈಲ್ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳುವ ರೂಢಿ ಹಾಕಬೇಕು. ಕೃತ್ಯ ನಡೆದದ್ದು ಯಾವತ್ತು? 1-7-2024ಕ್ಕಿಂತ ಮೊದಲಾದರೆ ಅಪರಾಧದ ಕಲಂ ಐಪಿಸಿಯದ್ದೇ. ಎರಡನೆಯದು, ಆ ದಿನ ತನಿಖೆ, ವಿಚಾರಣೆ, ಅರ್ಜಿ, ಅಪೀಲು ಏನಾದರೂ ಬಾಕಿ ಇತ್ತೇ? ಇದ್ದರೆ ಬಿಎನ್‌ಎಸ್‌ಎಸ್ ಕಲಂ 531ರ ಪ್ರಕಾರ ಅದು ಸಿಆರ್‌ಪಿಸಿಯಲ್ಲೇ ಮುಗಿಯಬೇಕು. ಜನರನ್ನು ಎಡವಿಸುವುದು ಮೂರನೇ ಜಾತಿಯ ಫೈಲು: ಕೃತ್ಯ ಹಳೆಯದು, ಎಫ್‌ಐಆರ್ ಹೊಸದು. ಅಲ್ಲಿ ಅಪರಾಧಕ್ಕೆ ಐಪಿಸಿ, ಕಾರ್ಯವಿಧಾನಕ್ಕೆ ಬಿಎನ್‌ಎಸ್‌ಎಸ್. ಕೃತ್ಯ ಆ ತಾರೀಕನ್ನು ದಾಟಿ ಎರಡೂ ಕಡೆ ಹರಡಿದ್ದರೆ ಕ್ಲರ್ಕ್ ತಾನೇ ತೀರ್ಮಾನ ಮಾಡಬಾರದು, ಟಿಪ್ಪಣಿ ಬರೆದು ಸಾಹೇಬರ ಮುಂದಿಡಬೇಕು.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ನಿಮ್ಮದೇ ಕೋರ್ಟಿನ ಎಂಟು ಚಾರ್ಜ್‌ಶೀಟಿನ ಮೊದಲ ಪುಟ ಜೆರಾಕ್ಸ್ ಮಾಡಿಸಿ, ಹೆಸರು ವಿಳಾಸಗಳ ಮೇಲೆ ಕಪ್ಪು ಬಳಿದು, ಕಲಂ ಇರುವ ಸಾಲನ್ನೂ ಮುಚ್ಚಿ ಹಂಚಿ. ಘಟನೆಯ ತಾರೀಕು, ಎಫ್‌ಐಆರ್ ತಾರೀಕು, ಎರಡು ಸಾಲಿನ ಆರೋಪ, ಇಷ್ಟೇ ಕಾಣಬೇಕು. ಇಬ್ಬಿಬ್ಬರು ಕೂತು ಕಾನೂನು ಮತ್ತು ಕಲಂ ಪೆನ್ಸಿಲಿನಲ್ಲಿ ಬರೆಯಲಿ, ಆಮೇಲೆ ಕಂಪ್ಯೂಟರ್ ಮುಟ್ಟಲಿ. ಲೈಂಗಿಕ ಅಪರಾಧದ ಫೈಲುಗಳನ್ನು ಈ ಅಭ್ಯಾಸಕ್ಕೆ ತೆಗೆಯಲೇಬೇಡಿ. ಸಂತ್ರಸ್ತರ ಗುರುತು ಹೊರಬೀಳುವುದು ಬಿಎನ್‌ಎಸ್ ಕಲಂ 72ರ ಅಪರಾಧ, ಜೆರಾಕ್ಸ್ ಹಾಳೆ ಯಾರ ಚೀಲ ಸೇರುತ್ತದೋ ಹೇಳಲಾಗದು.

ಸಿಐಎಸ್‌ನಲ್ಲಿ ಆಗುವ ಕೆಟ್ಟ ತಪ್ಪು ಎಂದರೆ ಕಾನೂನಿನ ಹೆಸರು ಹೊಸದು, ನಂಬರು ಹಳೆಯದು. ಬಿಎನ್‌ಎಸ್ ಆರಿಸಿ 302 ಹೊಡೆದರೆ ಕೊಲೆಯ ಕೇಸು ಧಾರ್ಮಿಕ ಭಾವನೆಗೆ ನೋವುಂಟುಮಾಡಿದ ಕೇಸಾಗಿ ಕೂರುತ್ತದೆ. ಕೊಲೆಗೆ ಈಗ 103. ಬಿಎನ್‌ಎಸ್ 304 ಕಿತ್ತುಕೊಂಡು ಓಡುವ ಅಪರಾಧ, ಐಪಿಸಿ 304ರ ಹಾಗೆ ಸಾವಿಗೆ ಅದರ ಸಂಬಂಧವೇ ಇಲ್ಲ. ಸಿಆರ್‌ಪಿಸಿ 482 ಹೈಕೋರ್ಟಿನ ಅಂತರ್ಗತ ಅಧಿಕಾರವಾಗಿತ್ತು, ಬಿಎನ್‌ಎಸ್‌ಎಸ್ 482 ನಿರೀಕ್ಷಣಾ ಜಾಮೀನು. ಈ ಮೂರನ್ನು ಗೋಡೆಗೆ ಅಂಟಿಸಿ. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದ ಲೆಕ್ಕಗಳು ನಿಮ್ಮ ಕೌಂಟರಿನ ಈ ಎಂಟ್ರಿಯಿಂದಲೇ ಹೋಗುತ್ತವೆ, ಕಕ್ಷಿಗಾರ ಮೊಬೈಲಿನಲ್ಲಿ ನೋಡುವುದೂ ಇದನ್ನೇ.

ಚಾರ್ಜ್‌ಶೀಟ್ ಆವಕ ಮಾಡುವಾಗ ತಾರೀಕಿನ ಜೊತೆ ಗಂಟೆಯನ್ನೂ ಬರೆಯುವುದು ಕಲಿಸಿ. 60 ಅಥವಾ 90 ದಿನದ ಡಿಫಾಲ್ಟ್ ಜಾಮೀನಿನಲ್ಲಿ (ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಸಿಗುವ ಜಾಮೀನು) ವಾದ ನಡೆಯುವುದು ಆ ಮುದ್ರೆಯ ಮೇಲೆ. ಮೊದಲ ರಿಮ್ಯಾಂಡ್‌ನ (ಕಸ್ಟಡಿಗೆ ಒಪ್ಪಿಸಿದ) ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟಿನ ಮೂವರ ಪೀಠ 2023ರಲ್ಲಿ ಹೇಳಿದೆ. ಹಾಗೆಯೇ ಆರೋಪಿ ಹಾಜರಾದ 14 ದಿನದೊಳಗೆ ಚಾರ್ಜ್‌ಶೀಟಿನ ಪ್ರತಿ ಸಿಗಬೇಕು, ಬಿಎನ್‌ಎಸ್‌ಎಸ್ ಕಲಂ 230. ಆ ದಿನ ರೋಜನಾಮಾದಲ್ಲಿ (ಕೇಸಿನ ದಿನವಹಿಯಲ್ಲಿ) ‘ಪ್ರತಿ ಕೊಟ್ಟಿದೆ, ಇಷ್ಟು ಪುಟ, ಸಹಿ ಪಡೆದಿದೆ’ ಎಂದು ಬರದೇ ಹೋದರೆ ಮುಂದೆ ಕೇಸು ಸುಮ್ಮನೆ ತಾರೀಕು ತಿನ್ನುತ್ತದೆ.

ಹಡಪ್ಸರ್ ಸಿಸ್ಟಂ:

ಎರಡನೇ ಸಮಸ್ಯೆಗೆ ನಾನು ಹೇಳ್ತೀನ್ರಿ. ಎಲೆಕ್ಟ್ರಾನಿಕ್ ದಾಖಲೆಗೆ ಒಂದೂವರೆ ತಾಸರೆ ಬೇಕು, ಅದಕ್ಕಿಂತ ಕಡಿಮಿ ಮಾಡಬ್ಯಾಡ್ರಿ.

ಕೌಂಟರಿನವರಿಗೆ ಮೊದಲ ಪಾಠ: ಪೆನ್‌ಡ್ರೈವ್ ಬಂದ ಕೂಡಲೇ ಕಂಪ್ಯೂಟರಿಗೆ ಚುಚ್ಚಬಾರದು. ವೈರಸ್ ಒಂದು ಕಾರಣ, ದೊಡ್ಡ ಕಾರಣ ಬೇರೆ. ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದು ತಾನಾಗೇ ಡ್ರೈವ್‌ನೊಳಗೆ ಒಂದು ಸಿಸ್ಟಂ ಫೋಲ್ಡರ್ ಬರೆದುಬಿಡುತ್ತದೆ. ನಮ್ಮ ಉಬುಂಟು ಕೂಡ ಬರೆಯುವ ಅನುಮತಿಯೊಂದಿಗೇ ಡ್ರೈವ್ ತೆರೆಯುತ್ತದೆ. ಇಡೀ ಡ್ರೈವಿನ ಹ್ಯಾಶ್ (ದತ್ತಾಂಶದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಅಕ್ಷರಸಾಲು) ತೆಗೆದು ಜೊತೆಗಿನ ಪ್ರಮಾಣಪತ್ರದಲ್ಲಿ ಬರೆದಿದ್ದರೆ ಅದು ಆ ಕ್ಷಣಕ್ಕೇ ಬದಲಾಗುತ್ತದೆ. ಒಂದೊಂದು ಫೈಲಿನ ಹ್ಯಾಶ್ ಮಾತ್ರ ಬರೆದಿದ್ದರೆ ಬದಲಾಗುವುದಿಲ್ಲ, ಯಾಕಂದ್ರ ಆ ಫೈಲಿನೊಳಗಿನ ದತ್ತಾಂಶ ಹಾಗೇ ಇರುತ್ತದೆ. ಈ ವ್ಯತ್ಯಾಸ ತಿಳಿಯದೆ ‘ಹ್ಯಾಶ್ ತಾಳೆ ಆಗಲಿಲ್ಲ’ ಅಂತ ಬರೆದರೆ ಒಳ್ಳೇ ಸಾಕ್ಷ್ಯಕ್ಕೂ ಕಲೆ ಹತ್ತುತ್ತದೆ. ತೆರೆಯಲೇಬೇಕಾದರೆ ಕೋರ್ಟಿನ ಆದೇಶ ಬೇಕು, ರೈಟ್ ಬ್ಲಾಕರ್ (ಡ್ರೈವಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಬೇಕು, ಇಲ್ಲವೇ ಪಕ್ಷಗಾರರಿಂದ ಕೆಲಸದ ಪ್ರತಿ ಬೇರೆ ತರಿಸಿಕೊಳ್ಳಬೇಕು.

ಇದನ್ನ ಕಣ್ಣಾರೆ ತೋರಿಸ್ರಿ. ಒಂದು ಫೋಟೊ ತಗೊಂಡು ಎಸ್‌ಎಚ್‌ಎ256 ವಿಧಾನದ ಹ್ಯಾಶ್ ತೆಗೀರಿ. ಫೈಲಿನ ಹೆಸರು ಬದಲಿಸಿ ಮತ್ತೆ ತೆಗೀರಿ, ಅದೇ ಬರುತ್ತದೆ. ಅದೇ ಫೋಟೊ ವಾಟ್ಸಾಪಿನಲ್ಲಿ ಕಳಿಸಿ ಇಳಿಸಿಕೊಂಡು ತೆಗೆದರೆ ಪೂರ್ತಿ ಬೇರೆ ಬರುತ್ತದೆ, ಯಾಕಂದ್ರ ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಜಿಪ್ ಮಾಡಿದರೆ ಜಿಪ್ಪಿನ ಹ್ಯಾಶ್ ಬೇರೆ, ಒಳಗಿನ ಫೈಲಿನದು ಬೇರೆ. ಈ ನಾಲ್ಕು ಪ್ರಯೋಗಕ್ಕೆ ಹದಿನೈದು ನಿಮಿಷ ಸಾಕು, ಆಮೇಲೆ ಯಾರೂ ಮರೆಯೂದಿಲ್ಲ.

ಪ್ರಮಾಣಪತ್ರ ಬಿಎಸ್‌ಎ ಕಲಂ 63(4)ರದು, ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಐತಿ. ಭಾಗ ಎ ಪಕ್ಷಗಾರ ತುಂಬಬೇಕು, ಭಾಗ ಬಿ ತಜ್ಞ ತುಂಬಬೇಕು. ಕೌಂಟರಿನಲ್ಲಿ ನೋಡಬೇಕಾದದ್ದು: ಎರಡೂ ಭಾಗ ಇವೆಯೇ, ಸಾಧನದ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಅಥವಾ ಐಎಂಇಐ ಇದೆಯೇ, ಯಾವ ಹ್ಯಾಶ್ ವಿಧಾನಕ್ಕೆ ಗುರುತು ಹಾಕಿದ್ದಾರೆ, ಹ್ಯಾಶ್ ವರದಿ ಲಗತ್ತಿಸಿದ್ದಾರೆಯೇ, ಸಹಿ, ತಾರೀಕು, ವೇಳೆ, ಸ್ಥಳ. ಅಕ್ಷರ ಎಣಿಸುವುದೂ ಕಲಿಸ್ರಿ: ಎಂಡಿ5 ಆದರೆ 32, ಎಸ್‌ಎಚ್‌ಎ1 ಆದರೆ 40, ಎಸ್‌ಎಚ್‌ಎ256 ಆದರೆ 64. ಎಸ್‌ಎಚ್‌ಎ256 ಅಂತ ಗುರುತು ಹಾಕಿ 63 ಅಕ್ಷರ ಟೈಪ್ ಮಾಡಿ ತರುವವರು ಇರತಾರ, ಅವತ್ತೇ ಹೇಳಿದರೆ ಅವತ್ತೇ ಸರಿಹೋಗುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಪ್ರಮಾಣಪತ್ರ ಇಲ್ಲ ಅಂತ ದಾಖಲೆಯನ್ನ ಕೌಂಟರಿನಿಂದ ವಾಪಸ್ ಕಳಿಸಬಾರದು. ಆಫೀಸ್ ಆಕ್ಷೇಪ ಬರೆದು ಸ್ವೀಕರಿಸಬೇಕು, ಅಷ್ಟೇ. ಜಾಲ್ನಾದ ಚುನಾವಣಾ ತಕರಾರಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯ ಅಂತ ಹೇಳಿತು, ಖರೆ. ಆದರೆ ವಿಚಾರಣೆ ಮುಗಿಯುವುದರೊಳಗೆ ಅದನ್ನು ಹಾಜರುಪಡಿಸಲು ಕೋರ್ಟ್ ಅವಕಾಶ ಕೊಡಬಹುದು ಅಂತಲೂ ಹೇಳಿತು. ಗ್ರಾಹ್ಯವೋ ಅಲ್ಲವೋ ಅನ್ನೋದು ಪೀಠದ ಕೆಲಸ.

ಇನ್ನು ಇಡುವ ರೀತಿ. ಫೈಲು ಹೊಲಿಯುವಾಗ ದಬ್ಬಳ ಸೀದಾ ಸಿಡಿ ಲಕೋಟೆಯ ನಡುವೆ ಹೋಗುತ್ತದೆ, ಸ್ಟೇಪ್ಲರ್ ಪಿನ್ ಪೆನ್‌ಡ್ರೈವ್ ಚೀಲದ ಮೇಲೆ ಬೀಳುತ್ತದೆ. ಎಲೆಕ್ಟ್ರಾನಿಕ್ ವಸ್ತು ಇರುವ ಲಕೋಟೆಯನ್ನ ದಾರಕ್ಕೆ ಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿ ಬೇರೆ ಇಟ್ಟು, ಫೈಲಿನಲ್ಲಿ ಅದರ ಜಾಗಕ್ಕೆ ಒಂದು ಹಾಳೆ ಹಾಕಿ ಮುದ್ದೇಮಾಲು ನಂಬರ್ ಬರೀರಿ. ಸಿಡಿ ಮೇಲೆ ಬಾಲ್‌ಪೆನ್ನಿನಿಂದ ಬರೆಯಬಾರದು, ಕಾಗದದ ಲೇಬಲ್ ಅಂಟಿಸಬಾರದು. ನಡುವಿನ ಪಾರದರ್ಶಕ ಉಂಗುರದ ಮೇಲೆ ನೀರಿನ ಶಾಯಿಯ ಮಾರ್ಕರಿನಿಂದ ನಂಬರ್ ಬರೆದರೆ ಸಾಕು. ಬಿಸಿಲು ಬೀಳುವ ಕಿಟಕಿ ಪಕ್ಕದ ಕಪಾಟು ಬ್ಯಾಡ, ಬರೆಯುವ ಸಿಡಿಗಳ ಬಣ್ಣದ ಪದರ ಬಿಸಿಲಿಗೆ ಹಾಳಾಗುತ್ತದೆ. ಪೆನ್‌ಡ್ರೈವ್ ಕೂಡ ವರ್ಷಗಟ್ಟಲೆ ಹಾಗೇ ಇಟ್ಟರೆ ಒಳಗಿನ ವಿದ್ಯುದಂಶ ಕ್ಷೀಣಿಸಿ ದತ್ತಾಂಶ ಹೋಗಬಹುದು. ಹಳೇ ಸೆಷನ್ಸ್ ಕೇಸುಗಳ ಪಟ್ಟಿ ಮಾಡಿ, ಪ್ರತಿ ಮಾಡಿಸುವ ಬಗ್ಗೆ ಆದೇಶಕ್ಕೆ ಟಿಪ್ಪಣಿ ಮಂಡಿಸೋದು ಕ್ಲರ್ಕೇ ಶುರು ಮಾಡಬಹುದಾದ ಕೆಲಸ.

ಪುಣೆ ದಫ್ತರ:

ಇಬ್ಬರಿಗೂ ಧನ್ಯವಾದ. ಮುದ್ದೇಮಾಲಿನವರಿಗೆ ಇಷ್ಟು ವಿವರ ಯಾವ ಕಾರ್ಯಕ್ರಮದಲ್ಲೂ ಸಿಕ್ಕಿರಲಿಲ್ಲ. ಬೇಲಿಫ್‌ಗಳ ಬಗ್ಗೆ ಯಾರಾದರೂ ಹೇಳುತ್ತೀರಾ?

ಮಡಗಾಂವ್ ವಕೀಲೆ:

ಬೇಲಿಫ್ ವರದಿ ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಡೆ: ಬಾಗಿಲಿಗೆ ಅಂಟಿಸಿದೆ ಎಂದು ಬರೆದಿರುತ್ತಾರೆ, ಮನೆ ತೋರಿಸಿದವರ ಹೆಸರು ವಿಳಾಸ ಇರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5 ನಿಯಮ 17 ಇದನ್ನೇ ಕೇಳುತ್ತದೆ. ಯಾವಾಗ ಅಂಟಿಸಿದ್ದು, ಯಾವ ಸಂದರ್ಭದಲ್ಲಿ, ಮನೆ ಗುರುತಿಸಿದವರು ಯಾರು, ಯಾರ ಸಮಕ್ಷಮ. ಇದಕ್ಕೆ ಮೊದಲು ಆ ವ್ಯಕ್ತಿಯನ್ನು ಹುಡುಕಲು ಏನು ಪ್ರಯತ್ನ ಮಾಡಿದೆ ಎಂಬುದೂ ಬರಬೇಕು. ‘ಮನೆ ಬೀಗ ಹಾಕಿತ್ತು’ ಎಂಬ ಮೂರು ಪದಕ್ಕೆ ಕೋರ್ಟು ಸಮಾಧಾನವಾಗುವುದಿಲ್ಲ. ಯಾವ ದಿನ ಎಷ್ಟು ಗಂಟೆಗೆ ಹೋಗಿದ್ದು, ಪಕ್ಕದ ಮನೆಯವರು ಏನು ಹೇಳಿದರು, ಬರೆಯಲಿ.

ಕುಟುಂಬದವರ ಕೈಗೆ ಕೊಡುವ ವಿಷಯದಲ್ಲಿ ಹಳೇ ರೂಢಿ ಬಿಡಿಸಬೇಕು. ಸಿಆರ್‌ಪಿಸಿ 64 ವಯಸ್ಕ ಗಂಡಸು ಎನ್ನುತ್ತಿತ್ತು. ಬಿಎನ್‌ಎಸ್‌ಎಸ್ 66 ವಯಸ್ಕ ಸದಸ್ಯ ಎನ್ನುತ್ತದೆ, ಅಂದರೆ ಹೆಂಡತಿ, ತಾಯಿ, ಅಕ್ಕ ಯಾರು ಪಡೆದು ಸಹಿ ಹಾಕಿದರೂ ಸರಿ. ಸಿವಿಲ್ ಸಮನ್ಸಿನಲ್ಲಿ ಇದು ಬಹಳ ಹಿಂದೆಯೇ ಬಂದಿದೆ. ‘ಗಂಡಸರು ಯಾರೂ ಇಲ್ಲ’ ಎಂದು ಬರೆದು ಹಿಂದಿರುಗುವ ಕ್ರಿಮಿನಲ್ ಸಮನ್ಸುಗಳು ಇನ್ನು ನಿಲ್ಲಬೇಕು. ಕೆಲಸದಾಳು ಮಾತ್ರ ಎರಡೂ ಕಡೆ ಕುಟುಂಬದವನಲ್ಲ.

ಸಮನ್ಸು ಜಾರಿಯ ಎನ್‌ಸ್ಟೆಪ್ ಆ್ಯಪ್ ಬಳಸುವಲ್ಲಿ ಜಾಗದ ಗುರುತು ಬಾಗಿಲ ಮುಂದೆಯೇ ತೆಗೆಯಬೇಕು. ಸಂಜೆ ಕಚೇರಿಗೆ ಬಂದು ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಜಿಪಿಎಸ್ ಕೋರ್ಟಿನ ಆವರಣವನ್ನೇ ತೋರಿಸುತ್ತದೆ, ನಿಜವಾಗಿ ಹೋಗಿಬಂದವನ ವರದಿಯೂ ಸುಳ್ಳಿನ ಹಾಗೆ ಕಾಣುತ್ತದೆ.

ಖಾಸಗಿ ದೂರುಗಳಲ್ಲಿ ಹೊಸ ಗೊಂದಲ ಒಂದಿದೆ. ಬಿಎನ್‌ಎಸ್‌ಎಸ್ ಕಲಂ 223ರ ಪ್ರಕಾರ ಕೋರ್ಟು ದೂರಿನ ಸಂಜ್ಞಾನ ತೆಗೆದುಕೊಳ್ಳುವ (ಅದನ್ನು ನಡೆಸಲು ಪರಿಗಣಿಸುವ) ಮೊದಲೇ ಆರೋಪಿತನಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಆ ಹಂತದಲ್ಲಿ ಹೋಗುವುದು ನೋಟಿಸು, ಆರೋಪಿಯ ಸಮನ್ಸಲ್ಲ. ಹಳೇ ಛಾಪಿಸಿದ ಫಾರಂ ಹೋದರೆ ಜನ ಜಾಮೀನುದಾರರನ್ನು ಕಟ್ಟಿಕೊಂಡು ಬರುತ್ತಾರೆ. ಚೆಕ್ ಕೇಸುಗಳಿಗೆ ಮಾತ್ರ ಇದು ಬೇಕಿಲ್ಲ. ಇಲ್ಲಿಂದಲೇ, ಗೋವಾದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ಹಾಗೆಂದಿತು, ಕರ್ನಾಟಕ ಹೈಕೋರ್ಟ್ ತಳೆದಿದ್ದ ನಿಲುವನ್ನೇ ಒಪ್ಪಿತು. ಚೆಕ್ ದೂರಿನಲ್ಲಿ ಸೂಚಿಯ ನಂತರ ಸಾರಾಂಶ ಪತ್ರ ಇರಬೇಕು ಎಂಬುದೂ ಅದೇ ತೀರ್ಪಿನದು. ನಿಮ್ಮ ಫೈಲಿಂಗ್ ಪರಿಶೀಲನಾ ಪಟ್ಟಿಗೆ ಸೇರಿಸಿ.

ನಮ್ಮವರಿಗೆ ಸಂಬಂಧಿಸಿದ ಇನ್ನೊಂದು ವಿಷಯ. ಗೋವಾದಲ್ಲೂ ಪುಣೆಯಲ್ಲೂ ಕಟ್ಟಡ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ ಕಡೆಯವರು ಸಾಕ್ಷಿಗಳಾಗಿ ಬರುತ್ತಾರೆ. ಕನ್ನಡ ಬರುವ ಸಿಬ್ಬಂದಿ ಯಾರೋ ಎದ್ದು ನಿಂತು ಅನುವಾದ ಮಾಡುತ್ತಾರೆ. ಇದಕ್ಕೂ ತರಬೇತಿ ಬೇಕು. ಅನುವಾದಕ ಮೊದಲು ಪ್ರಮಾಣ ತೆಗೆದುಕೊಳ್ಳಬೇಕು, ಅದು ರೋಜನಾಮಾದಲ್ಲಿ ಬರಬೇಕು. ಸಾಕ್ಷಿ ‘ನಾನು ನೋಡಿದೆ’ ಎಂದರೆ ‘ನಾನು ನೋಡಿದೆ’ ಎಂದೇ ಹೇಳಬೇಕು, ‘ಆತ ನೋಡಿದನಂತೆ’ ಎಂದಲ್ಲ. ಉದ್ದದ ಉತ್ತರವನ್ನು ಸಾರಾಂಶ ಮಾಡಬಾರದು. ಅರ್ಥವಾಗದಿದ್ದರೆ ಸಾಕ್ಷಿಯ ಜೊತೆ ತಾನೇ ಮಾತುಕತೆಗೆ ಇಳಿಯದೆ, ನ್ಯಾಯಾಧೀಶರ ಅನುಮತಿ ಕೇಳಿ ಪ್ರಶ್ನೆಯನ್ನು ಮತ್ತೆ ಕೇಳಿಸಬೇಕು. ಕಾಕಾ, ಮಾಮಾ, ಅಣ್ಣ ಎಂದಾಗ ರಕ್ತಸಂಬಂಧವೋ ಊರಿನ ಬಳಕೆಯೋ ಎಂಬುದು ಪ್ರಕರಣಕ್ಕೆ ಮುಖ್ಯವಾಗಬಹುದು, ಅದನ್ನೂ ಪೀಠವೇ ಕೇಳಿ ಸ್ಪಷ್ಟಪಡಿಸಿಕೊಳ್ಳಲಿ.

(ಗೋವಾದ ಸಿಬ್ಬಂದಿ ಯಾರಾದರೂ ಓದುತ್ತಿದ್ದರೆ: ನಮ್ಮ 2012ರ ಉತ್ತರಾಧಿಕಾರ ಕಾಯ್ದೆಯ ಇನ್ವೆಂಟರಿ (ಸತ್ತವರ ಆಸ್ತಿ ಪಾಲು ಮಾಡುವ) ಪ್ರಕರಣಗಳಿಗೆ ಮಹಾರಾಷ್ಟ್ರದ ಮಾದರಿ ಪಾಠ ಸಾಲದು. ಆಸ್ತಿ ಪಟ್ಟಿ, ವಾರಸುದಾರರ ನಡುವಿನ ಹರಾಜು, ಪಾಲುಪಟ್ಟಿ, ಇವುಗಳ ಕ್ರಮ ಬೇರೆಯೇ. ಬದುಕಿರುವ ಸಂಗಾತಿಯ ಅರ್ಧ ಪಾಲು ಉತ್ತರಾಧಿಕಾರದಿಂದ ಬಂದದ್ದಲ್ಲ, ಸ್ವಂತ ಹಕ್ಕಿನದು. ಇದು ತಪ್ಪಿದರೆ ಪಾಲುಪಟ್ಟಿ ಪೂರ್ತಿ ತಪ್ಪುತ್ತದೆ.)

ಡೊಂಬಿವಲಿ ಬೋಧಕ:

ನ್ಯಾಯಾಧೀಶರು ಕೂರಬೇಕೇ ಎಂಬ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನನ್ನ ಅಭಿಪ್ರಾಯ: ಕೂರಬೇಕು.

ನ್ಯಾಯಾಧೀಶರ ತರಬೇತಿಗೆ ಈ ದೇಶದಲ್ಲಿ ಸಾಕಷ್ಟು ಯೋಚನೆ ನಡೆದಿದೆ. ಕಾನೂನು ಆಯೋಗ 1986ರಲ್ಲಿ ತನ್ನ 117ನೇ ವರದಿಯನ್ನು ಇದಕ್ಕೇ ಮೀಸಲಿಟ್ಟಿತು. ಭೋಪಾಲದಲ್ಲಿ ರಾಷ್ಟ್ರೀಯ ನ್ಯಾಯಿಕ ಅಕಾಡೆಮಿ ಇದೆ, ರಾಜ್ಯಗಳಲ್ಲಿ ಅಕಾಡೆಮಿಗಳಿವೆ. ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ನ್ಯಾ. ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ವರದಿಯ ಮೇಲೆ 2002ರಲ್ಲಿ ಬಂದ ತೀರ್ಪು, ಹೊಸಬರಿಗೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ ತರಬೇತಿ ಇರಲಿ, ಸಾಧ್ಯವಾದರೆ ಎರಡು ವರ್ಷ ಎಂದಿತು. 2025ರ ಮೇ 20ರ ತೀರ್ಪು ಪ್ರವೇಶಕ್ಕೆ ಮೂರು ವರ್ಷದ ವಕೀಲಿಯನ್ನು ಮತ್ತೆ ತಂದಿತು, ಪೀಠ ಏರುವ ಮೊದಲು ಒಂದು ವರ್ಷದ ತರಬೇತಿ ಕಡ್ಡಾಯ ಎಂದಿತು. ಇದರ ಪಕ್ಕದಲ್ಲಿ ಸಿಬ್ಬಂದಿಯ ತರಬೇತಿ ಇಟ್ಟು ನೋಡಿದರೆ ಬೇಸರವಾಗುತ್ತದೆ. ಫೈಲಿಂಗ್ ಕೌಂಟರಿಗೆ ಬಂದ ಕಿರಿಯ ಕ್ಲರ್ಕ್ ಪಕ್ಕದವರನ್ನು ನೋಡಿಯೇ ಕಲಿಯುತ್ತಾನೆ, ಪಕ್ಕದವರ ತಪ್ಪನ್ನೂ ಕಲಿಯುತ್ತಾನೆ.

ಜೊತೆಗೆ ಮಾಡಲೇಬೇಕಾದ ಒಂದು ಅಭ್ಯಾಸ ಇದೆ: ಮಗು ಸಾಕ್ಷಿಯಾಗಿ ಬರುವ ದಿನ. ದುರ್ಬಲ ಸಾಕ್ಷಿಗಳಿಗೆ ಪ್ರತ್ಯೇಕ ಹೇಳಿಕೆ ಕೇಂದ್ರಗಳ ಬಗ್ಗೆ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಪ್ರಕರಣವೊಂದರಲ್ಲೇ 2022ರ ಜನವರಿಯಲ್ಲಿ ನಿರ್ದೇಶನ ಕೊಟ್ಟು, ತರಬೇತಿಯನ್ನೂ ಸೇರಿಸಿ ಉಸ್ತುವಾರಿಗೆ ನ್ಯಾ. ಗೀತಾ ಮಿತ್ತಲ್ ಅವರ ಸಮಿತಿ ಮಾಡಿತು. ಕಟ್ಟಡ ಚೆನ್ನಾಗಿದ್ದರೂ, ಸಿಪಾಯಿ ಪಡಸಾಲೆಯಲ್ಲಿ ನಿಂತು ಮಗುವಿನ ಹೆಸರು ಮೂರು ಸಲ ಕೂಗಿದರೆ ಪೋಕ್ಸೊ ಕಲಂ 33(7)ರ ಗುರುತಿನ ರಕ್ಷಣೆ ಅಲ್ಲೇ ಮುಗಿಯಿತು. ಕೇಸಿನ ನಂಬರು ಮಾತ್ರ ಕೂಗಬೇಕು, ಇಲ್ಲವೇ ಕೂಗದೆ ಹೋಗಿ ಕರೆದುತರಬೇಕು. ಮಗು ಯಾವ ಬಾಗಿಲಿನಿಂದ ಬರುತ್ತದೆ, ಆರೋಪಿಯನ್ನು ಪೊಲೀಸರು ಯಾವ ಹೊತ್ತಿಗೆ ಎಲ್ಲಿಂದ ತರುತ್ತಾರೆ, ಸ್ಟೆನೊ ಎಲ್ಲಿ ಕೂರುತ್ತಾರೆ, ಬೋರ್ಡಿನಲ್ಲಿ ಹೆಸರು ಹೇಗೆ ಕಾಣುತ್ತದೆ, ಸಿಐಎಸ್‌ನಲ್ಲಿ ಹೆಸರು ಮರೆಮಾಡಿದೆಯೇ, ಇವನ್ನು ನ್ಯಾಯಾಧೀಶರು, ಬೆಂಚ್ ಕ್ಲರ್ಕ್, ಸಿಪಾಯಿ ಒಟ್ಟಿಗೆ ನಡೆದು ನೋಡಿದರೆ ಮಾತ್ರ ಸರಿಹೋಗುತ್ತದೆ. ಅರ್ಧ ಗಂಟೆ ಇದಕ್ಕಿರಲಿ.

ಮಾಟುಂಗಾ ಶಿರಸ್ತೇದಾರ್:

ಬೋಧಕರ ಮಾತು ಆ ಅರ್ಧ ಗಂಟೆಗೆ ಪೂರ್ತಿ ಒಪ್ಪಿಗೆ. ಉಳಿದ ಹೊತ್ತಿಗೆ ಒಪ್ಪಿಗೆಯಿಲ್ಲ ಸರ್. ಸಾಹೇಬರು ಎದುರಿಗಿದ್ದರೆ ‘ನನಗೆ ಇದು ಬರುವುದಿಲ್ಲ’ ಎಂದು ಯಾವ ಕ್ಲರ್ಕೂ ಬಾಯಿ ಬಿಡುವುದಿಲ್ಲ. ಗೋಪನೀಯ ವರದಿ ಬರೆಯುವವರು ಅವರೇ. ಕಲಂ ಮತ್ತು ಹ್ಯಾಶ್ ಅಭ್ಯಾಸ ಸಿಬ್ಬಂದಿಯೊಳಗೇ ನಡೆಯಲಿ. ಕೊನೆಯಲ್ಲಿ ತೀರ್ಮಾನವಾಗದ ಪ್ರಶ್ನೆಗಳ ಒಂದು ಹಾಳೆ, ಕೇಳಿದವರ ಹೆಸರಿಲ್ಲದೆ, ಸಾಹೇಬರ ಕೈಗೆ ಹೋಗಲಿ, ಅವರು ಬಂದು ಉತ್ತರಿಸಲಿ.

ಡೊಂಬಿವಲಿ ಬೋಧಕ:

ಹೆಸರಿಲ್ಲದ ಹಾಳೆ ಒಳ್ಳೆಯದು. ಹಾಗೇ ಮಾಡಿ.

ಪುಣೆ ದಫ್ತರ:

ಹೀಗೆ ಹಾಕಿಕೊಂಡಿದ್ದೇನೆ. ಮೊದಲ ಶನಿವಾರ ತಾರೀಕು-ಕಲಂ ಒಂದು ಗಂಟೆ, ಎಲೆಕ್ಟ್ರಾನಿಕ್ ದಾಖಲೆ ಒಂದೂವರೆ, ಉಳಿದ ಅರ್ಧ ಪ್ರಶ್ನೆಗಳಿಗೆ. ಎರಡನೇ ಶನಿವಾರ ಬೇಲಿಫ್ ಮತ್ತು ನೋಟಿಸು ಒಂದೂವರೆ, ಅನುವಾದ ಅರ್ಧ, ಮಗುಸಾಕ್ಷಿಯ ನಡಿಗೆ ಅರ್ಧ, ಸಾಹೇಬರ ಉತ್ತರ ಅರ್ಧ. ಕಲಿತರೋ ಇಲ್ಲವೋ ಅನ್ನುವುದನ್ನು ಹೇಗೆ ನೋಡಲಿ? ಕೊನೆಗೆ ಪರೀಕ್ಷೆ ಇಡಬೇಕೇ?

ಹಡಪ್ಸರ್ ಸಿಸ್ಟಂ:

ಪರೀಕ್ಷೆ ಬ್ಯಾಡ್ರಿ, ಅವತ್ತು ಎಲ್ಲರೂ ಪಾಸಾಗತಾರ. ತರಬೇತಿಗೆ ಮುಂಚಿನ ವಾರದ ಇಪ್ಪತ್ತು ಹೊಸ ನೋಂದಣಿ ಈಗಲೇ ತೆಗೆದು ತಪ್ಪು ಎಣಿಸಿ ಇಟ್ಟುಕೊಳ್ರಿ: ಕಾನೂನು, ಕಲಂ, ಪಕ್ಷಗಾರರ ಹೆಸರು, ಪ್ರಮಾಣಪತ್ರದ ಟಿಪ್ಪಣಿ. ತಿಂಗಳ ಮೇಲೆ ಮತ್ತೆ ಇಪ್ಪತ್ತು ತೆಗೀರಿ. ಯಾರ ಎಂಟ್ರಿ ಅಂತ ಹೆಸರು ಬರೀಬ್ಯಾಡ್ರಿ, ಯಾವ ಖಾನೆಯಲ್ಲಿ ತಪ್ಪು ಅಂತ ಮಾತ್ರ ಬರೀರಿ. ಒಂದೇ ಖಾನೆಯಲ್ಲಿ ಮತ್ತೆ ಮತ್ತೆ ತಪ್ಪು ಬರ್ತಿದ್ದರೆ ಮೊದಲು ಅಲ್ಲಿಯ ಫಾರಂ ಅಥವಾ ಗೋಡೆಯ ಮೇಲಿನ ಚೀಟಿಯಲ್ಲಿ ಏನಿದೆ ನೋಡ್ರಿ. ಹಳೇ ಕಲಂ ಛಾಪಿಸಿದ ರಬ್ಬರ್ ಸ್ಟಾಂಪುಗಳು ಮೇಜಿನ ಖಾನೆಯಲ್ಲಿ ಉಳಿದಿರುತ್ತವೆ. ಬಾಕಿ ಇರುವ ಸಿಆರ್‌ಪಿಸಿ ಕೇಸುಗಳಿಗೆ ಅವು ಬೇಕು, ಎಸೆಯಬ್ಯಾಡ್ರಿ. ಹಿಡಿಗೆ ಕೆಂಪು ಪಟ್ಟಿ ಸುತ್ತಿ ಬೇರೆ ಡಬ್ಬಿಯಲ್ಲಿ ಇಡ್ರಿ.

ಪುಣೆ ದಫ್ತರ:

ಸ್ಟಾಂಪು ಈಗಲೇ ನೋಡಿದೆ, ಡಬ್ಬಿಯಲ್ಲಿ ಜಾಮೀನಿನ ಹಳೇ ಕಲಂ 439ರದ್ದೂ ಹೊಸ ಕಲಂ 483ರದ್ದೂ ಒಟ್ಟಿಗೇ ಇವೆ. ಸೋಮವಾರ ಮೊದಲು ಅದನ್ನೇ ಬೇರೆ ಮಾಡಿಸುತ್ತೇನೆ. ಮೇಡಂ, ಆದೇಶ 5ರ ವರದಿಗೆ ನಿಮ್ಮ ಕಡೆ ಬಳಸುವ ಖಾಲಿ ನಮೂನೆ ಇದ್ದರೆ ಇಲ್ಲಿ ಹಾಕಿ, ಮರಾಠಿಗೆ ನಾನೇ ಇಳಿಸಿಕೊಳ್ಳುತ್ತೇನೆ.